ಅಜ್ಜಿಯಿಲ್ಲದ ಅಜ್ಜಿಮನೆ
ರಜೆಯಲ್ಲಿ ಹಡಗು ಹತ್ತುವ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆಯ ಎಲ್ಲ ಅಪ್ಪ ಅಮ್ಮಂದಿರಿಗೆ,

ದಸರಾ ರಜೆಗೆ ಇನ್ನು ಕೆಲವೇ ವಾರ. ನಮ್ಮ ಕಡೆಯ ಟ್ರಾವೆಲ್ಸ್ ಆಫೀಸುಗಳ ಗಾಜಿನ ಮೇಲೆ ಬಿಳಿ ಹಡಗಿನ ಚಿತ್ರ ಮತ್ತೆ ಬಂದಿದೆ. ಸಿಂಗಪುರ, ಮೂರು ರಾತ್ರಿ, ಮಕ್ಕಳಿಗೆ ರಿಯಾಯಿತಿ, ಸಸ್ಯಾಹಾರ ಉಂಟು. ನೀವು ಆಗಲೇ ಮುಂಗಡ ಕೊಟ್ಟಿರಬಹುದು. ಖಂಡಿತ ಹೋಗಿ ಬನ್ನಿ. ನಡುಸಮುದ್ರದ ಬೆಳಗು ಮಕ್ಕಳು ಒಮ್ಮೆಯಾದರೂ ನೋಡಬೇಕಾದದ್ದೇ. ಹೊರಡುವ ಮೊದಲು ಹತ್ತು ನಿಮಿಷ ಬಿಡುವು ಮಾಡಿಕೊಂಡು ಈ ಕಾಗದ ಓದಿ ಎಂದು ಕೇಳಿಕೊಳ್ಳುತ್ತೇನೆ.

ನನಗೆ 69 ವರ್ಷ. ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಪಾಠ ಮಾಡಿ ನಿವೃತ್ತಳಾದೆ. ಮಕ್ಕಳ ಗಲಾಟೆಗೆ ಹೆದರುವವಳಲ್ಲ, ಅದರಲ್ಲೇ ಸಂಬಳ ಉಂಡವಳು. ಹಾಗಾಗಿ ‘ಮಕ್ಕಳನ್ನು ಮನೆಯಲ್ಲೇ ಬಿಟ್ಟು ಬನ್ನಿ’ ಎಂದು ಹೇಳಲು ಈ ಕಾಗದ ಬರೆಯುತ್ತಿಲ್ಲ.

ಕಳೆದ ಮೇ ತಿಂಗಳ ಮೊದಲ ವಾರ ಮಗಳು, ಅಳಿಯ ನನ್ನನ್ನೂ ನಮ್ಮ ಯಜಮಾನರನ್ನೂ ಕರೆದುಕೊಂಡು ಹೋದರು. ದೇವನಹಳ್ಳಿಯಿಂದ ನಾಲ್ಕೂವರೆ ಗಂಟೆ ವಿಮಾನ, ಮರುದಿನ ಮರೀನಾ ಬೇ ಬಂದರಿನಲ್ಲಿ ಹಡಗು. ಅದರ ಹೆಸರು ಇಲ್ಲಿ ಬೇಡ, ತಪ್ಪು ಹಡಗಿನದಲ್ಲ. ಉದ್ದ ಮುನ್ನೂರು ಮೀಟರಿಗೂ ಮೇಲೆ, ಜನ ಮೂರು ಸಾವಿರಕ್ಕೂ ಹೆಚ್ಚು. ನಮ್ಮದೊಂದು ಕ್ರಾಸ್ ರಸ್ತೆಯಷ್ಟು ಜಾಗದಲ್ಲಿ ಬಡಾವಣೆಯ ಜನವನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಟಂತೆ. ಹತ್ತಿ ಅರ್ಧ ಗಂಟೆಯಾಗುವುದರಲ್ಲಿ ಊರು ಬಿಟ್ಟು ಬಂದೇ ಇಲ್ಲವೇನೋ ಅನಿಸಿತು. ಹಿಂದಿನಿಂದ ‘ಲೋ, ಪಾಸ್‌ಪೋರ್ಟ್ ಯಾರ ಹತ್ರ ಇದೆಯೋ?’, ಮುಂದಿನಿಂದ ‘ಸಾರ್, ನೀವು ಬನಶಂಕರಿ ಸೆಕೆಂಡ್ ಸ್ಟೇಜಾ?’ ರಜೆಯ ದಿನಗಳಲ್ಲವೇ, ಪ್ರತಿ ಕುಟುಂಬಕ್ಕೂ ಇಬ್ಬರು ಮಕ್ಕಳು.

ಮೊದಲ ದಿನ ಊಟಕ್ಕೆ ಹೋಗಲು ಲಿಫ್ಟ್ ಹತ್ತಿದೆವು. ಒಳಗೆ ಎಲ್ಲ ಮಹಡಿಗಳ ಗುಂಡಿಯೂ ದೀಪಾವಳಿಯ ಸರದ ಹಾಗೆ ಉರಿಯುತ್ತಿತ್ತು. ಮೂಲೆಯಲ್ಲಿ ಮೂವರು ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯಿತು, ಯಾರೂ ಹತ್ತಲಿಲ್ಲ, ಮುಚ್ಚಿತು. ಗಾಲಿಕುರ್ಚಿಯಲ್ಲಿದ್ದ ಚೀನೀ ತಾತನೊಬ್ಬ ಕಣ್ಣು ಮುಚ್ಚಿ ಕುಳಿತುಬಿಟ್ಟ. ದೊಡ್ಡವರು ನಾವು ಒಂಬತ್ತು ಜನ ಇದ್ದೆವು, ಒಬ್ಬರೂ ಬಾಯಿ ಬಿಡಲಿಲ್ಲ. ಅರವತ್ತು ಮಕ್ಕಳ ತರಗತಿಯನ್ನು ಬರೀ ನೋಟದಲ್ಲಿ ಕೂರಿಸುತ್ತಿದ್ದ ನಾನೂ ಬಿಡಲಿಲ್ಲ. ಬೇರೆಯವರ ಮಕ್ಕಳು, ನಮಗೇಕೆ?

ಆ ‘ಬೇರೆಯವರ ಮಕ್ಕಳು’ ಎಂಬ ಎರಡು ಮಾತಿನ ಬಗ್ಗೆಯೇ ಈ ಕಾಗದ.

ಮಕ್ಕಳಿಗೆ ಪ್ರವೇಶವೇ ಇಲ್ಲದ ಹಡಗುಗಳೂ ಪ್ರಪಂಚದಲ್ಲಿವೆ. ವರ್ಜಿನ್ ವಾಯೇಜಸ್ ಎಂಬ ಸಂಸ್ಥೆ 18 ತುಂಬಿದವರನ್ನು ಮಾತ್ರ ಹತ್ತಿಸಿಕೊಳ್ಳುತ್ತದೆ. ಬ್ರಿಟನ್ನಿನ ಪಿ ಅಂಡ್ ಒ ಕಂಪನಿಯ ಅರ್ಕೇಡಿಯಾ, ಅರೋರಾ ಹಡಗುಗಳೂ ದೊಡ್ಡವರಿಗಷ್ಟೇ. ಲಿಫ್ಟಿನ ಕಥೆ ಕೇಳಿದ ನಮ್ಮ ವಾಕಿಂಗ್ ಗೆಳತಿಯೊಬ್ಬರು ‘ಇನ್ನು ಮುಂದೆ ಅಂಥದ್ದಕ್ಕೇ ಹೋಗೋಣ ಬಿಡಿ’ ಎಂದರು. ನನಗೆ ಬೇಡ. ಮಕ್ಕಳಿಲ್ಲದ ರಜೆ ರಜೆಯೇ ಅಲ್ಲ, ಅದು ಭಾನುವಾರದ ಆಫೀಸು.

ಎರಡನೇ ದಿನ ಬೆಳಿಗ್ಗೆ ಮೇಲಿನ ಡೆಕ್ಕಿನಲ್ಲಿ ನಡೆದದ್ದು ಹೇಳುತ್ತೇನೆ. ಏಳು ವರ್ಷವಿರಬಹುದು, ಒಂದು ಹುಡುಗಿ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಕಟಾಂಜನಕ್ಕೆ ಒತ್ತಿಟ್ಟು ಅದರ ಮೇಲೆ ನಿಂತಳು. ನೆಲದಲ್ಲಿ ನಿಂತರೆ ಅವಳ ತಲೆಯ ಮಟ್ಟಕ್ಕೆ ಬರುತ್ತಿದ್ದ ಕಂಬಿ ಈಗ ಸೊಂಟದ ಕೆಳಗಿತ್ತು. ಕೆಳಗೆ ನೀರು ನೊರೆ ಕಕ್ಕುತ್ತಾ ಓಡುತ್ತಿತ್ತು. ಅವಳು ಬಗ್ಗಿ ಅದನ್ನೇ ನೋಡುತ್ತಿದ್ದಳು. ‘ಮಗೂ, ಇಳಿ. ಈಗಲೇ ಇಳಿ’ ಎಂದೆ, ಕ್ಲಾಸಿನ ದನಿಯಲ್ಲಿ. ಇಳಿದಳು. ಅಳಲಿಲ್ಲ, ‘ಡಾಲ್ಫಿನ್ ಬರುತ್ತಾ?’ ಎಂದಷ್ಟೇ ಕೇಳಿದಳು. ಅಷ್ಟರಲ್ಲಿ ಎರಡು ಕಾಫಿ ಹಿಡಿದು ತಾಯಿ ಬಂದರು.

‘ಆಂಟಿ, ಅವಳನ್ನ ಯಾಕೆ ಗದರಿದ್ರಿ? ಏನಿದ್ರೂ ನನಗೆ ಹೇಳಿ.’

‘ನಿಮಗೆ ಹೇಳ್ಬೇಕು ಅಂದ್ರೆ ಮೊದಲು ನಿಮ್ಮನ್ನ ಹುಡುಕಬೇಕಿತ್ತಲ್ಲಮ್ಮ’ ಎಂದೆ.

ಆಕೆ ಮಗಳ ಕೈ ಹಿಡಿದು ಸರಸರನೆ ಹೊರಟುಹೋದರು. ಸಂಜೆ ತಾವೇ ಬಂದು ಪಕ್ಕದಲ್ಲಿ ಕುಳಿತರು. ಜೆ.ಪಿ. ನಗರದವರಂತೆ. ‘ಕುರ್ಚಿ ವಿಷಯ ಆಮೇಲೆ ಅವಳೇ ಹೇಳಿದ್ಲು ಆಂಟಿ, ಸಾರಿ. ನನಗೆ ವರ್ಷಕ್ಕೆ ಸಿಗೋದೇ ಐದು ದಿನ ರಜ. ಆ ಐದು ದಿನ ಆದ್ರೂ ನನ್ನ ಮಗಳ ಮೇಲೆ ಯಾರೂ ಕಂಪ್ಲೇಂಟ್ ಹೇಳದೆ ಇರಲಿ ಅನ್ಸುತ್ತೆ. ಸ್ಕೂಲ್ ಗ್ರೂಪಲ್ಲಿ ಹೇಳ್ತಾರೆ, ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಹೇಳ್ತಾರೆ, ಫೋನ್ ಟಿಂಗ್ ಅಂದ್ರೆ ಎದೆ ಧಸಕ್ ಅನ್ನುತ್ತೆ.’

ಆ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು. ನಾವು ಹಿರಿಯರು ಮಾಡಿರುವುದೇನು? ಮಗುವಿಗೆ ಹೇಳಬೇಕಾದ್ದನ್ನು ಮಗುವಿಗೆ ಹೇಳುವುದಿಲ್ಲ. ಗ್ರೂಪಿಗೆ ಹೇಳುತ್ತೇವೆ. ‘ಸಿ ಬ್ಲಾಕ್ ಲಿಫ್ಟಿನಲ್ಲಿ ಕೆಲವು ಮಕ್ಕಳು’ ಎಂದು ಬರೆದು ಕೆಳಗೆ ಕೈಮುಗಿದ ಚಿತ್ರ ಹಾಕುತ್ತೇವೆ. ಮಗುವಿಗೆ ಅದು ತಲುಪುವ ಹೊತ್ತಿಗೆ ಅವಮಾನಗೊಂಡ ತಾಯಿಯ ಸಿಟ್ಟಾಗಿರುತ್ತದೆ. ‘ಇಳಿ ಮಗೂ’ ಎಂದರೆ ಮುಗಿಯುವ ಮಾತು ಇನ್ನೂರು ಜನರ ಮುಂದೆ ತೀರ್ಪಾಗುತ್ತದೆ. ಆ ತಾಯಿ ನನ್ನ ಮೇಲೆ ರೇಗಿದ್ದರಲ್ಲಿ ಆಶ್ಚರ್ಯವೇನಿದೆ?

ನನ್ನದೇ ತಪ್ಪೂ ಒಂದಿದೆ. ಅದೇ ರಾತ್ರಿ ಹನ್ನೊಂದೂವರೆಗೆ ನಮ್ಮ ಕ್ಯಾಬಿನ್ ಬಾಗಿಲಲ್ಲಿ ಕರಕರ ಸದ್ದು. ಹಿಂದಿನ ರಾತ್ರಿ ಮಕ್ಕಳು ಕಾರಿಡಾರಿನಲ್ಲಿ ಬಾಗಿಲು ಬಡಿದು ಓಡುವ ಆಟ ಆಡಿದ್ದರು. ಬಾಗಿಲು ತೆಗೆದವಳೇ ‘ನಾಚಿಕೆ ಆಗಲ್ವಾ?’ ಎಂದು ಕೂಗಿದೆ. ಎದುರಿಗೆ ಆರು ವರ್ಷದ ಹುಡುಗ. ಸೂಪರ್‌ಮ್ಯಾನ್ ಪೈಜಾಮ, ಬರಿಗಾಲು, ಕೈಯಲ್ಲಿ ಕೀ ಕಾರ್ಡು. ದಾರಿ ತಪ್ಪಿ ತನ್ನ ಕೋಣೆ ಎಂದುಕೊಂಡು ನಮ್ಮ ಬಾಗಿಲಿಗೆ ಕಾರ್ಡು ಉಜ್ಜುತ್ತಿದ್ದ. ಕೆನ್ನೆಯ ಮೇಲೆ ಕಣ್ಣೀರು ಒಣಗಿತ್ತು. ಆಗಲೇ ಇನ್ನೂ ಮೂರು ಬಾಗಿಲು ಪ್ರಯತ್ನಿಸಿದ್ದನಂತೆ. ಒಂದು ತೆರೆದು ಮತ್ತೆ ಮುಚ್ಚಿಕೊಂಡಿತಂತೆ.

ದನಿ ಇಳಿಸಿ, ಮಂಡಿ ಊರಿ ಕೇಳಿದೆ, ‘ಯಾರ ಮನೆ ಹುಡುಗನೋ ನೀನು?’

ಥಟ್ಟನೆ ಉತ್ತರ ಬಂತು. ‘ಬಿ ಬ್ಲಾಕ್, ಸಿಕ್ಸ್ ನಾಟ್ ಫೋರ್, ಬಿ.ಟಿ.ಎಂ. ಸೆಕೆಂಡ್ ಸ್ಟೇಜ್.’

ಸಾವಿರಾರು ಮೈಲಿ ದೂರದ ಸಮುದ್ರದ ಮೇಲೆ ನಿಂತು ಮನೆಯ ವಿಳಾಸವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಅದನ್ನು ಕಲಿಸಿದ ತಂದೆ ತಾಯಿಗೆ ನಮಸ್ಕಾರ. ಆದರೆ ಹಡಗಿನ ಕೋಣೆಯ ನಂಬರು ಅವನಿಗೆ ಯಾರೂ ಹೇಳಿರಲಿಲ್ಲ. ಸಿಬ್ಬಂದಿಗೆ ಫೋನ್ ಮಾಡಿದೆವು. ಅವರು ಕಾರ್ಡು ನೋಡಿ, ಸರಿಯಾಗಿ ನಮ್ಮ ಕೋಣೆಯ ಮೇಲಿನ ಕೋಣೆಗೇ ಕರೆದುಕೊಂಡು ಹೋದರು. ಒಂದು ಮಹಡಿ ತಪ್ಪಿತ್ತು, ಅಷ್ಟೆ. ಹಡಗಿನಲ್ಲಿ ಎಲ್ಲ ಮಹಡಿಯ ಕಾರಿಡಾರೂ ಒಂದೇ ಥರ, ದೊಡ್ಡವರೇ ತಪ್ಪುತ್ತಾರೆ. ಅಂತೂ ಆ ಮೂರು ದಿನದಲ್ಲಿ ಲಿಫ್ಟಿನ ತುಂಟರ ಮುಂದೆ ಸುಮ್ಮನಿದ್ದ ನಾನು ಅರಚಿದ್ದು ದಾರಿ ತಪ್ಪಿದ ಕೂಸಿನ ಮೇಲೆ. ಮಕ್ಕಳ ಜೊತೆ ಮಾತಾಡುವ ರೂಢಿ ತಪ್ಪಿದರೆ ದೊಡ್ಡವರಿಗೆ ಉಳಿಯುವುದು ಎರಡೇ, ಮೌನ ಅಥವಾ ಅರಚಾಟ.

‘ಯಾರ ಮನೆ ಮಗು ನೀನು?’ ಈ ಪ್ರಶ್ನೆ ನಾನು ಕೇಳಿಸಿಕೊಂಡಿದ್ದು ಹೊಳೆನರಸೀಪುರದ ಅಜ್ಜಿಮನೆಯಲ್ಲಿ. ಬೇಸಿಗೆ ರಜೆ ಎಂದರೆ ನಮಗೆ ಅಜ್ಜಿಮನೆ. ಹದಿಮೂರು ಮೊಮ್ಮಕ್ಕಳು, ಒಂದು ನಡುಮನೆ, ಹಿತ್ತಲಲ್ಲಿ ಬಾವಿ, ಊರ ಪಕ್ಕ ಹೇಮಾವತಿ ಹೊಳೆ. ಅಪಾಯಕ್ಕೇನೂ ಕೊರತೆಯಿರಲಿಲ್ಲ. ಬಾವಿಕಟ್ಟೆ ಹತ್ತಿದರೆ ಪಕ್ಕದ ಮನೆಯ ಶೆಟ್ಟರ ಹೆಂಡತಿ ಗೋಡೆಯಾಚೆಯಿಂದಲೇ ‘ಯಾರ ಮನೆ ಮಗು ಅದು, ಇಳಿ ಕೆಳಗೆ’ ಎನ್ನುತ್ತಿದ್ದರು. ಇಳಿಯುತ್ತಿದ್ದೆವು. ಸಂಜೆ ಅದೇ ಗೋಡೆಯಾಚೆಯಿಂದ ಹಲಸಿನ ಹಪ್ಪಳ ಬರುತ್ತಿತ್ತು. ಅವರು ಗದರಿದ್ದಕ್ಕೆ ನಮ್ಮ ಅಮ್ಮ ಬೇಸರಿಸಿಕೊಂಡದ್ದು ನೆನಪಿಲ್ಲ.

ಈಗಿನ ಹಡಗೂ ಒಂದು ಅಜ್ಜಿಮನೆಯೇ. ಯಾವ ಹೊತ್ತಿಗೂ ತಿಂಡಿ, ಸುತ್ತ ನೀರು, ಓಡಲು ಉದ್ದ ಪಡಸಾಲೆ, ಆಡಲು ಗುರುತಿಲ್ಲದ ನೂರು ಮಕ್ಕಳು. ಎಲ್ಲ ಇದೆ, ಅಜ್ಜಿ ಮಾತ್ರ ಇಲ್ಲ. ಇದ್ದರೂ ಬಾಯಿ ಬಿಡುವುದಿಲ್ಲ. ನಮ್ಮ ಮಕ್ಕಳು ಮುಂಚಿಗಿಂತ ಕೆಟ್ಟಿದ್ದಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮುಂಚೆ ಒಂದು ಮಗುವಿಗೆ ಇಪ್ಪತ್ತು ಕಣ್ಣಿತ್ತು. ಈಗ ಎರಡು ಜೊತೆ ಕಣ್ಣು, ಅದರಲ್ಲೂ ಒಂದು ಜೊತೆ ಫೋನಿನ ಮೇಲೆ.

ಹಡಗಿನಲ್ಲಿ ಈ ವಿಷಯ ಬೇರೆಡೆಗಿಂತ ಗಂಭೀರ, ಏಕೆಂದರೆ ಅಲ್ಲಿ ನಡುವೆ ಇಳಿದುಹೋಗುವ ಹಾಗಿಲ್ಲ. ಸಮುದ್ರದ ಸುರಕ್ಷತೆಗೆ ‘ಸೋಲಾಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಅದರ ಮೊದಲ ರೂಪ ಬಂತು. ಹತ್ತಿದ ಪ್ರಯಾಣಿಕರಿಗೆ ಒಂದು ದಿನದೊಳಗೆ ಆಪತ್ತಿನ ತಾಲೀಮು ಮಾಡಿಸಿದರೆ ಸಾಕು ಎಂದು ಬಹುಕಾಲ ನಡೆಯುತ್ತಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತರು. ಆ ಸಂಜೆ ಹತ್ತಿದ್ದ ನೂರಾರು ಜನರಿಗೆ ತಾಲೀಮು ಇನ್ನೂ ಆಗಿರಲಿಲ್ಲ. 2015ರ ಜನವರಿ 1ರಿಂದ ನಿಯಮ ಬಿಗಿಯಾಯಿತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ಆಗಲೇಬೇಕು. ಒಟ್ಟು ಪ್ರಯಾಣಿಕರ ಸಂಖ್ಯೆಯ ಕನಿಷ್ಠ ಶೇ 10ರಷ್ಟು ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರಬೇಕು, ಮಕ್ಕಳು ಅದಕ್ಕೂ ಹೆಚ್ಚಿದ್ದರೆ ಪ್ರತಿ ಮಗುವಿಗೂ ಒಂದಿರಬೇಕು. ಹಡಗಿನವರು ನಿಮ್ಮ ಮಗುವನ್ನು ಎಣಿಸಿ ಇಟ್ಟುಕೊಂಡಿರುತ್ತಾರೆ. ಮಗುವಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ನಮ್ಮ ತಾಲೀಮಿನಲ್ಲಿ ಒಬ್ಬ ಹುಡುಗ ‘ಅಪ್ಪಾ, ಯಾಕೆ ಏಳು ಸಲ ಹಾರ್ನ್?’ ಎಂದ. ಅಪ್ಪ ಫೋನಿನಿಂದ ಕಣ್ಣು ತೆಗೆಯದೆ ‘ಶ್’ ಎಂದರು.

ಈಗ ನನ್ನ ಬೇಡಿಕೆಗಳಿಗೆ ಬರುತ್ತೇನೆ.

ಮೊದಲನೆಯದು, ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಿ. ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು ಎಂದರೆ ಆಟ ಬಿಟ್ಟು ಎಲ್ಲರೂ ಗೊತ್ತಾದ ಜಾಗದಲ್ಲಿ ಸೇರಬೇಕು ಎಂದರ್ಥ. ಆ ಜಾಗಕ್ಕೆ ಮಗುವನ್ನು ಒಮ್ಮೆ ನಡೆಸಿಕೊಂಡು ಹೋಗಿ ತೋರಿಸಿ. ಹಡಗಿನವರು ಮಗುವಿನ ಕೈಗೆ ಗುರುತಿನ ಪಟ್ಟಿ ಕಟ್ಟಿದ್ದರೆ ಬಿಚ್ಚಬೇಡ ಎನ್ನಿ. ಮನೆ ವಿಳಾಸ ಕಲಿಸಿದಷ್ಟೇ ಶ್ರದ್ಧೆಯಿಂದ ಮಹಡಿ ಮತ್ತು ಕೋಣೆಯ ನಂಬರನ್ನು ಬಾಯಿಪಾಠ ಮಾಡಿಸಿ. ಕೆಲವು ಹಡಗುಗಳಲ್ಲಿ ಕಾರಿಡಾರಿನ ಜಮಖಾನೆಯ ಮೇಲಿನ ಮೀನುಗಳೆಲ್ಲ ಹಡಗಿನ ಮುಂಭಾಗದ ಕಡೆಗೇ ಈಜುವಂತೆ ನೇಯ್ದಿರುತ್ತಾರೆ. ಮಗುವಿಗೆ ಇಂಥ ಗುಟ್ಟು ಹೇಳಿಕೊಟ್ಟರೆ ಅದೇ ನಿಮಗೆ ದಾರಿ ತೋರಿಸುತ್ತದೆ.

ಎರಡನೆಯದು ನೀರು ಮತ್ತು ಕೈ. ಡಯಾಪರ್ ಹಾಕುವ ಮಗುವನ್ನು ಈಜುಕೊಳಕ್ಕೆ ಇಳಿಸಬೇಡಿ. ಬಹುತೇಕ ಹಡಗುಗಳಲ್ಲಿ ಈಜುವ ಡಯಾಪರ್ ಹಾಕಿದರೂ ಬಿಡುವುದಿಲ್ಲ, ಅಂಥ ಮಕ್ಕಳಿಗೆ ಬೇರೆ ಜಾಗವಿದ್ದರೆ ಅಲ್ಲಿ ಮಾತ್ರ. ಒಂದು ಮಗು ಗಲೀಜು ಮಾಡಿದರೆ ಕೊಳ ಮುಚ್ಚಿ ಶುಚಿ ಮಾಡಬೇಕು, ಬಿಸಿಲಲ್ಲಿ ಕಾಯುವವರು ಉಳಿದ ಮಕ್ಕಳು. ಹಡಗಿನಲ್ಲಿ ವಾಂತಿ ಭೇದಿ ಹಬ್ಬಿಸುವ ನೊರೊವೈರಸ್ ಕೈಯಿಂದ ಕೈಗೆ, ಸೌಟಿನಿಂದ ಸೌಟಿಗೆ ಹೋಗುತ್ತದೆ. ಸ್ಯಾನಿಟೈಸರಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಆಗಬೇಕು. ಚಿಕ್ಕ ಮಕ್ಕಳನ್ನು ಬಫೆಗೆ ಒಬ್ಬರನ್ನೇ ಕಳಿಸದೆ ನೀವೇ ಬಡಿಸಿಕೊಡಿ. ತಟ್ಟೆಯಲ್ಲಿ ಆರು ಗುಲಾಬ್ ಜಾಮೂನು ಹಾಕಿಕೊಂಡು ಒಂದೂವರೆ ತಿಂದು ಎದ್ದ ಮಗುವಿಗೆ, ಆ ತಟ್ಟೆ ಎತ್ತುವವರಿಗೂ ಊರಲ್ಲಿ ಒಂದು ಮಗು ಇರಬಹುದು ಎಂದು ಹೇಳಿ.

ಮೂರನೆಯದು ಸದ್ದು. ರಾತ್ರಿ ಹತ್ತರ ಮೇಲೆ ಕಾರಿಡಾರು ಆಟದ ಬಯಲಲ್ಲ. ಕ್ಯಾಬಿನ್ನಿನ ಗೋಡೆ ತೆಳು. ಊಟದ ಮೇಜಿನ ಮೇಲೆ ರೀಲ್ಸ್ ಜೋರಾಗಿ ಹಾಕಿ ಮಗುವಿನ ಮುಂದೆ ಇಡಬೇಡಿ. ಕಿಟಕಿಯಾಚೆ ಅಷ್ಟು ದೊಡ್ಡ ಸಮುದ್ರವಿದ್ದಾಗ ಇಡೀ ಸಾಲಿನವರು ಅದೇ ಹಾಡು ಏಳು ಸಲ ಕೇಳಬೇಕೇ? ಮಕ್ಕಳ ಕ್ಲಬ್ಬಿಗೆ ಬಿಡುವುದರಲ್ಲಿ ತಪ್ಪಿಲ್ಲ, ಮೂರು ವರ್ಷ ದಾಟಿದವರನ್ನು ಅನೇಕ ಕಡೆ ಸೇರಿಸಿಕೊಳ್ಳುತ್ತಾರೆ. ಐದು ದಿನದ ರಜ ಪಡೆದು ಬಂದ ತಾಯಿಗೆ ಎರಡು ಗಂಟೆ ಕುರ್ಚಿಯಲ್ಲಿ ಒರಗುವ ಹಕ್ಕಿದೆ.

ನಾಲ್ಕನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಯಾರಾದರೂ ನಿಮ್ಮ ಮಗುವಿಗೆ ‘ನಿಧಾನ’, ‘ಇಳಿ’, ‘ಸಾಲಿನಲ್ಲಿ ಬಾ ಕಂದ’ ಎಂದರೆ ತಕ್ಷಣ ನಡುವೆ ಬೀಳಬೇಡಿ. ಒಂದು ಉಸಿರು ತಡೆದು, ಏಕೆ ಹೇಳಿದರು ಎಂದು ನೋಡಿ. ಗುರುತಿಲ್ಲದವರನ್ನು ನಂಬಬೇಡ ಎಂದು ನೀವು ಕಲಿಸುತ್ತೀರಿ. ಕಾಲ ಹಾಗಿದೆ, ಕಲಿಸಲೇಬೇಕು. ಆದರೆ ಆ ಪಾಠವನ್ನು ಎರಡು ಭಾಗ ಮಾಡಿ. ಗೊತ್ತಿಲ್ಲದ ದೊಡ್ಡವರು ನಿಲ್ಲು ಅಂದರೆ ನಿಲ್ಲು, ಬಾ ಅಂದರೆ ಹೋಗಬೇಡ. ಇಷ್ಟು ಸಾಕು. ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ನೀವು ಇಷ್ಟು ಕೊಟ್ಟರೆ ನಾವು ಹಿರಿಯರು ಕೊಡಬೇಕಾದ್ದೂ ಇದೆ. ನನ್ನ ವಾರಿಗೆಯವರ ಪರವಾಗಿ ಮಾತು ಕೊಡುತ್ತೇನೆ. ನಿಮ್ಮ ಮಗುವನ್ನು ಮುಟ್ಟುವುದಿಲ್ಲ, ಫೋಟೊ ತೆಗೆಯುವುದಿಲ್ಲ, ಗ್ರೂಪಿನಲ್ಲಿ ಹಾಕುವುದಿಲ್ಲ. ‘ನಿಮ್ಮಪ್ಪ ಅಮ್ಮ ಕಲಿಸಿಲ್ವಾ?’ ಎಂಬ ವಿಷದ ಮಾತು ಆಡುವುದಿಲ್ಲ. ಕೂಗುವ ಮೊದಲು ಕೇಳುತ್ತೇವೆ. ಹೇಳುವುದನ್ನು ಮಗುವಿಗೇ ಹೇಳುತ್ತೇವೆ, ಚಿಕ್ಕದಾಗಿ, ಒಂದೇ ಸಲ. ಬೆಳಿಗ್ಗೆ ಗದರಿದವರಿಗೆ ಸಂಜೆ ಹಪ್ಪಳದ ಸಾಲ ಇರುತ್ತದೆ ಎಂಬುದನ್ನೂ ಮರೆಯುವುದಿಲ್ಲ. ಮಗು ಕುಣಿದರೆ ನಗುತ್ತೇವೆ. ಎಲ್ಲ ಸದ್ದೂ ಗಲಾಟೆಯಲ್ಲ, ಅದು ನಮಗೂ ಗೊತ್ತಿರಬೇಕು.

ಇದು ಹಡಗಿಗೆ ಮಾತ್ರ ಸೇರಿದ ವಿಷಯವಲ್ಲ ಎಂದು ನಿಮಗೂ ಅನಿಸಿರಬಹುದು. ಹಡಗಿನಲ್ಲಿ ಎದ್ದು ಕಾಣುತ್ತದೆ, ಅಷ್ಟೆ. 2021ರಿಂದ ಮುಂಬಯಿಯಿಂದಲೂ ಗೋವಾ, ಲಕ್ಷದ್ವೀಪಗಳಿಗೆ ಕಾರ್ಡೀಲಿಯಾ ಕಂಪನಿಯ ಹಡಗು ಹೋಗುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಹಡಗು ಪ್ರವಾಸ ಬೆಳೆಸಲು ‘ಕ್ರೂಸ್ ಭಾರತ್’ ಯೋಜನೆ ಶುರು ಮಾಡಿದೆ. ಮುಂದಿನ ವರ್ಷಗಳಲ್ಲಿ ನಮ್ಮ ಬಡಾವಣೆಗಳಿಂದ ಇನ್ನೂ ಹೆಚ್ಚು ಮಕ್ಕಳು ಹಡಗು ಹತ್ತುತ್ತಾರೆ. ಆದರೆ ಅಲ್ಲಿಗೆ ಕೊಂಡೊಯ್ಯುವ ನಡತೆ ಇಲ್ಲಿಯದೇ ಅಲ್ಲವೇ? 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರವನ್ನು ಯೋಜಿಸಿದವರು ಮನೆಗಳ ನಡುವೆ ಬಯಲು, ಉದ್ಯಾನಗಳಿಗೆ ಜಾಗ ಬಿಟ್ಟರು. ನಮ್ಮ ಮನೆಯ ಹತ್ತಿರದ ಒಂದು ಪಾರ್ಕಿನ ಗೇಟಿನಲ್ಲಿ ಈಗ ‘ಚೆಂಡಾಟ ಆಡಬಾರದು’ ಎಂಬ ಬೋರ್ಡಿದೆ. ಆ ಬೋರ್ಡು ಬೇಕೆಂದು ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಒಂದು ಸಂಜೆ ಹುಡುಗನೊಬ್ಬನ ಚೆಂಡು ನನ್ನ ಕಾಲಿಗೆ ತಗುಲಿತ್ತು. ಆ ಹುಡುಗನನ್ನು ಕರೆದು ‘ಆ ಮೂಲೆಯಲ್ಲಿ ಆಡೋ, ಇಲ್ಲಿ ಮುದುಕರು ನಡೀತೀವಿ’ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ, ಸಹಿ ಹಾಕಿದೆ. ಆ ಸಹಿಯನ್ನು ವಾಪಸು ಪಡೆಯುತ್ತೇನೆ ಎಂದು ನಮ್ಮ ವಾಕಿಂಗ್ ಗೆಳೆಯರಿಗೆ ಈಗಾಗಲೇ ತಿಳಿಸಿದ್ದೇನೆ. ಇಬ್ಬರು ಬೇಸರಿಸಿಕೊಂಡಿದ್ದಾರೆ, ಮೂವರು ನನ್ನ ಜೊತೆಗಿದ್ದಾರೆ.

ಮುಂದಿನ ಬೇಸಿಗೆಗೆ ಮಗಳು ಮತ್ತೆ ಹಡಗಿನ ಮಾತೆತ್ತಿದ್ದಾಳೆ. ಹೋದರೆ, ಯಾವುದಾದರೂ ಲಿಫ್ಟಿನಲ್ಲಿ ಗುಂಡಿಗಳೆಲ್ಲ ಉರಿಯುತ್ತಿದ್ದರೆ, ಈ ಸಲ ನಾನು ಸುಮ್ಮನಿರುವುದಿಲ್ಲ. ‘ಯಾರ ಮನೆ ಮಕ್ಕಳ್ರೋ ನೀವು?’ ಎಂದು ಕೇಳುತ್ತೇನೆ. ನೀವು ಅಲ್ಲೇ ಇದ್ದರೆ ದಯವಿಟ್ಟು ಒಂದು ಕ್ಷಣ ತಡೆಯಿರಿ. ಉತ್ತರ ಅವರೇ ಹೇಳಲಿ.

ನಿಮ್ಮೆಲ್ಲರ ರಜೆ ಸುಖವಾಗಿರಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ
ಜಯನಗರ 4ನೇ ‘ಟಿ’ ಬ್ಲಾಕ್, ಬೆಂಗಳೂರು